ಬೆಣ್ಣೆ ಹಳದಿಯಾದರೆ ಬೈಯಬೇಕಾದ್ದು ಲ್ಯಾಬನ್ನಲ್ಲ

"ಏನ್ ಸಾರ್, ಆಲ್ಬಮ್ ಕಪ್ಪಗೆ ಬಂದೈತಲ್ಲ" ಅಂತ ಗಿರಾಕಿ ಬಾಯಿ ಬಿಟ್ಟ ಕೂಡಲೇ ನಮ್ಮ ದಾವಣಗೆರೆ, ದುರ್ಗದ ಸ್ಟುಡಿಯೋಗಳಲ್ಲಿ ಮೊದಲು ಬೈಸಿಕೊಳ್ಳುವವರು ಲ್ಯಾಬಿನವರು. ಆಮೇಲೆ ಪೇಪರು, ಆಮೇಲೆ ಇಂಕು. ಎಡಿಟಿಂಗ್ ಟೇಬಲ್ ಮೇಲೆ ಬೆಳ್ಳಗೆ ಹೊಳೆಯುತ್ತಾ ಕೂತ ಮಾನಿಟರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕ್ಯಾಮೆರಾ, ಲೆನ್ಸು, ಡ್ರೋನ್ ಅಂತ ಲಕ್ಷಗಟ್ಟಲೆ ಸುರಿದು, ಕೊನೆಗೆ ಬಣ್ಣದ ತೀರ್ಮಾನ ಮಾಡುವುದು ಮಾತ್ರ ಕ್ಯಾಲಿಬ್ರೇಶನ್ (ಪರದೆಯನ್ನು ಅಳೆದು ಸರಿಮಾಡುವ ಕೆಲಸ) ಕಾಣದೆ, ಡಬ್ಬದಿಂದ ತೆಗೆದ ದಿನ ಹೇಗಿತ್ತೋ ಹಾಗೇ ಇರುವ ಪರದೆಯ ಮೇಲೆ. ಮಂಡಿಪೇಟೆಯಲ್ಲಿ ತೂಕದ ಕಲ್ಲು ಪರೀಕ್ಷೆ ಮಾಡಿಸದೆ ಅಂಗಡಿ ಇಟ್ಟ ಹಾಗಾಯಿತು ಇದು.

ಹೋಟೆಲಿನವರಿಗೆ ಬೆಣ್ಣೆದೋಸೆಯ ಫೋಟೋ ಎಡಿಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕೆಂಪಗೆ ಬೆಂದ ದೋಸೆ, ಮೇಲೊಂದು ಮುದ್ದೆ ಬಿಳಿ ಬೆಣ್ಣೆ, ಪಕ್ಕದಲ್ಲಿ ಪಲ್ಯ, ಚಟ್ನಿ. ಹೆಚ್ಚಿನ ಮಾನಿಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ ತುಸು ನೀಲಿಗೆ ವಾಲಿರುತ್ತವೆ. 6500 ಕೆಲ್ವಿನ್ (ಬಿಳಿಯ ಛಾಯೆಯ ಅಳತೆ, ಏರಿದಷ್ಟೂ ನೀಲಿ) ಇರಬೇಕಾದ ಬಿಳಿ 7500ರ ಆಚೆ ಇರುವುದು ಅಪರೂಪವೇನಲ್ಲ. ಅಂಥ ಪರದೆಯಲ್ಲಿ ಬೆಣ್ಣೆಗೆ ನೀಲಿ ಛಾಯೆ ಬಂದಿದೆ ಅಂತ ಕಾಣುತ್ತದೆ. ನೀವು ಟೆಂಪರೇಚರ್ ಸ್ಲೈಡರನ್ನು ಬಲಕ್ಕೆ, ಹಳದಿಯ ಕಡೆಗೆ ಎಳೆಯುತ್ತೀರಿ. ನಿಮ್ಮ ಕಣ್ಣಿಗೆ ಬೆಣ್ಣೆ ಬೆಳ್ಳಗಾಯಿತು. ಆದರೆ ಸರಿಯಿರುವ ಪರದೆಯಲ್ಲಿ ಅದೇ ಬೆಣ್ಣೆ ಪ್ಯಾಕೆಟ್ಟಿನ ಉಪ್ಪು ಬೆಣ್ಣೆಯಂತೆ ಹಳದಿ, ದೋಸೆ ಕಿತ್ತಳೆ. ದಾವಣಗೆರೆ ಹೋಟೆಲಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ತಮಾಷೆ ಏನೆಂದರೆ, ಎಡಿಟ್ ಮಾಡಿದವರು ಒಮ್ಮೆ ತಮ್ಮ ಫೋನಿಗೂ ಹಾಕಿಕೊಂಡು ನೋಡುತ್ತಾರೆ. ಫೋನ್ ವಿವಿಡ್ ಮೋಡ್‌ನಲ್ಲಿರುತ್ತದೆ. ಆ ಮೋಡ್‌ನಲ್ಲಿ ಸಾಮಾನ್ಯವಾಗಿ ಬಿಳಿ ನೀಲಿಯ ಕಡೆಗೇ ಇರುತ್ತದೆ. ಹಾಗಾಗಿ ಮಾನಿಟರ್ ಮಾಡಿಸಿದ ತಪ್ಪನ್ನು ಫೋನ್ ಮುಚ್ಚಿಹಾಕುತ್ತದೆ. "ನನ್ನ ಫೋನಲ್ಲಿ ಚೆನ್ನಾಗೇ ಐತೆ" ಅನ್ನುವ ಮಾತು ಹುಟ್ಟುವುದು ಇಲ್ಲಿ. ಒಂದೇ ಕಡೆ ವಾಲಿದ ಎರಡು ಸುಳ್ಳು ಸಾಕ್ಷಿಗಳು ಒಂದಕ್ಕೊಂದು ಹೂಂ ಅಂದಿವೆ, ಅಷ್ಟೇ. ಪೇಪರ್ ಹಾಗೆ ಹೂಂ ಅನ್ನುವುದಿಲ್ಲ.

"ನೋಡುವವರ ಫೋನುಗಳೇ ಒಂದೊಂದು ಥರ ಇರುವಾಗ ನಮ್ಮದೊಂದು ಸರಿ ಮಾಡಿ ಏನು ಪ್ರಯೋಜನ?" ಅನ್ನುವ ವಾದ ಹಳೆಯದು. ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅನ್ನುವ, ಯಾವ ಸಂಖ್ಯೆಗೆ ಯಾವ ಬಣ್ಣ ಅಂತ ಹೇಳುವ ಒಂದು ನಡುಗೆರೆ ಹಾಕಿದರು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಜನರ ಫೋನು, ಲ್ಯಾಪ್‌ಟಾಪು, ಟಿವಿಗಳು ಆ ಗೆರೆಯ ಸುತ್ತ ಚೆಲ್ಲಿಕೊಂಡಿವೆ. ಒಂದು ಸ್ವಲ್ಪ ನೀಲಿ, ಕಣ್ಣಿನ ರಕ್ಷಣೆಯ ಮೋಡ್ ಹಾಕಿದ ಇನ್ನೊಂದು ಹಳದಿ. ನೀವು ಗೆರೆಯ ಮೇಲೆ ನಿಂತು ಎಡಿಟ್ ಮಾಡಿದರೆ ಯಾರ ಪರದೆಯಲ್ಲೂ ಅವರ ತಪ್ಪಿನಷ್ಟೇ ತಪ್ಪು ಕಾಣುತ್ತದೆ. ಅವರು ದಿನವಿಡೀ ಅದೇ ಪರದೆ ನೋಡುವುದರಿಂದ ಅವರ ಕಣ್ಣು ಅದಕ್ಕೆ ಒಗ್ಗಿರುತ್ತದೆ, ಉಳಿದ ಎಲ್ಲ ಫೋಟೋಗಳ ಸಾಲಿನಲ್ಲಿ ನಿಮ್ಮದೂ ಸರಿಯಾಗೇ ಕೂರುತ್ತದೆ. ನೀವೇ ಹಳದಿಗೆ ವಾಲಿಸಿ ಕಳಿಸಿದರೆ ಒಬ್ಬರ ಫೋನಿನಲ್ಲಿ ಅದೃಷ್ಟಕ್ಕೆ ಸರಿಹೋಗಿ, ಇನ್ನೊಬ್ಬರ ಫೋನಿನಲ್ಲಿ ತಪ್ಪು ದುಪ್ಪಟ್ಟಾಗುತ್ತದೆ. ಕ್ಯಾಲಿಬ್ರೇಶನ್ ಎಲ್ಲರ ಪರದೆಯಲ್ಲೂ ಫೋಟೋ ಒಂದೇ ಥರ ಕಾಣಿಸಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ನಿಮ್ಮ ಪಾಲಿನ ತಪ್ಪನ್ನು ಮಾತ್ರ ತೆಗೆಯುತ್ತದೆ.

ಬಣ್ಣಕ್ಕಿಂತ ಮೊದಲು ಬೆಳಕು. ಆಲ್ಬಮ್ ಕಪ್ಪಗೆ ಬರಲು ಹತ್ತಕ್ಕೆ ಎಂಟು ಸಲ ಇದೇ ಕಾರಣ ಅಂತ ನನ್ನ ಅಂದಾಜು. ಮಾನಿಟರ್ ಡಬ್ಬದಿಂದ ಬರುವಾಗ ಬ್ರೈಟ್‌ನೆಸ್ 250ರಿಂದ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸು ಇರುತ್ತದೆ. ಎಡಿಟಿಂಗ್‌ಗೆ ಬೇಕಾದ್ದು 120, ಪ್ರಿಂಟ್ ಕೆಲಸವೇ ಹೆಚ್ಚಿದ್ದರೆ 80ರಿಂದ 100. 300ಕ್ಕೂ 120ಕ್ಕೂ ನಡುವಿನ ಅಂತರ ಎರಡೂವರೆ ಪಟ್ಟು, ಕ್ಯಾಮೆರಾ ಭಾಷೆಯಲ್ಲಿ ಒಂದೂಕಾಲು ಸ್ಟಾಪಿಗಿಂತ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಕಣ್ಣು ತಾನೇ ಹೊಂದಿಕೊಳ್ಳುವುದರಿಂದ ಅಷ್ಟೂ ಫೋಟೋಗೆ ಇಳಿಯುವುದಿಲ್ಲ, ಆದರೆ ಅರ್ಧ ಸ್ಟಾಪ್ ಸುಲಭವಾಗಿ ಇಳಿಯುತ್ತದೆ. ಪರದೆ ತಾನೇ ಹೊಳೆಯುವಾಗ ಮದುಮಗನ ಕಪ್ಪು ಕೋಟಿನ ಹೊಲಿಗೆ ಕೂಡ ಕಾಣುತ್ತದೆ, ನೀವು ಶ್ಯಾಡೋ ಎತ್ತುವುದಿಲ್ಲ. ಪೇಪರಿಗೆ ಸ್ವಂತ ಬೆಳಕಿಲ್ಲ. ಮನೆಯ ಟ್ಯೂಬ್‌ಲೈಟ್ ಕೆಳಗೆ ಆಲ್ಬಮ್ ಬಿಚ್ಚಿದಾಗ ಕೋಟು ಒಂದು ಕಪ್ಪು ತೇಪೆ.

ಈಗ ಮಾಡುವ ಕ್ರಮ. ಪರದೆಗೆ ಅಂಟಿಸಿ ಅಳೆಯುವ ಉಪಕರಣಕ್ಕೆ ಕಲರಿಮೀಟರ್ ಅಂತ ಹೆಸರು. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್‌ನ ಮಾದರಿಗಳು ಸಿಗುತ್ತವೆ. ನಾಲ್ಕು ಸ್ಟುಡಿಯೋದವರು ಸೇರಿ ಒಂದು ಕೊಂಡರೂ ಸಾಕು, ತಿಂಗಳಿಗೊಮ್ಮೆ ಅರ್ಧ ಗಂಟೆಯ ಕೆಲಸ. ತೀರಾ ಹಳೆಯ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ತರಬೇಡಿ, ಹಳೇ ಮಾದರಿಗಳಲ್ಲಿ ಒಳಗಿನ ಫಿಲ್ಟರ್ ಮಾಸಿರುತ್ತದೆ, ಅಳತೆಯೇ ಸುಳ್ಳಾಗುತ್ತದೆ.

ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಮೆನುವಿಗೆ ಹೋಗಿ ರೀಸೆಟ್ ಕೊಟ್ಟು, ಪಿಕ್ಚರ್ ಮೋಡನ್ನು ಯೂಸರ್ ಅಥವಾ ಕಸ್ಟಮ್‌ಗೆ ತನ್ನಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಆಟೋ ಬ್ರೈಟ್‌ನೆಸ್, ವಿಂಡೋಸಿನ ನೈಟ್ ಲೈಟ್, ಎಚ್‌ಡಿಆರ್ ಎಲ್ಲ ಆಫ್. ಲ್ಯಾಪ್‌ಟಾಪ್ ಆದರೆ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಬ್ಯಾಟರಿ ಉಳಿಸಲು ಪರದೆಯ ಬೆಳಕನ್ನು ತಾನೇ ಏರಿಳಿಸುವ ಆಯ್ಕೆ ಇರುತ್ತದೆ, ಅದನ್ನೂ ಹುಡುಕಿ ತೆಗೆಯಿರಿ. ಇದೊಂದನ್ನು ಮರೆತು "ಎಷ್ಟು ಸಲ ಅಳೆದರೂ ಬೇರೆ ಬೇರೆ ಬರುತ್ತೆ" ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಪರದೆಯನ್ನು ತುಸು ಹಿಂದಕ್ಕೆ ವಾಲಿಸಿದರೆ ಸೆನ್ಸರ್ ಚಪ್ಪಟೆಯಾಗಿ ಕೂರುತ್ತದೆ. ಸಂದಿಯಲ್ಲಿ ಬೆಳಕು ನುಗ್ಗಬಾರದು. ಕಲರಿಮೀಟರಿನ ಸಾಫ್ಟ್‌ವೇರ್ ಕೇಳಿದಾಗ ಬ್ಯಾಕ್‌ಲೈಟ್ ಎಂಥದು ಅಂತ ಸರಿಯಾಗಿ ಆರಿಸಿ, ಬಿಳಿ ಡಿ65 (ಅದೇ 6500 ಕೆಲ್ವಿನ್), ಗಾಮಾ (ಕಪ್ಪಿನಿಂದ ಬಿಳಿಗೆ ಏರುವ ರೀತಿ) 2.2, ಬೆಳಕು 120 ಅಂತ ಕೊಡಿ.

ಮುಂದಿನ ಹಂತದಲ್ಲಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ. ಬ್ರೈಟ್‌ನೆಸ್ಸನ್ನೂ ಕೆಂಪು, ಹಸಿರು, ನೀಲಿಯ ಗೇನನ್ನೂ ಮಾನಿಟರಿನ ಗುಂಡಿಯಿಂದಲೇ ಗುರಿಯ ಹತ್ತಿರ ತನ್ನಿ. ನೀಲಿ ಜಾಸ್ತಿ ಇದ್ದರೆ ನೀಲಿ ಇಳಿಸಿ, ಕೆಂಪನ್ನು ಏರಿಸಲು ಹೋಗಬೇಡಿ. ಎಲ್ಲವನ್ನೂ ಸಾಫ್ಟ್‌ವೇರೇ ಸರಿಮಾಡಲಿ ಅಂತ ಬಿಟ್ಟರೆ ಅದು ಗ್ರಾಫಿಕ್ಸ್ ಕಾರ್ಡಿನಲ್ಲಿ ಹಂತಗಳನ್ನು ಕತ್ತರಿಸಿ ಸರಿದೂಗಿಸುತ್ತದೆ. ಆಗ ವಾಣಿ ವಿಲಾಸ ಸಾಗರದ ಸಂಜೆಯ ಆಕಾಶ ನಯವಾಗಿ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹೊಡೆಯುತ್ತದೆ. ಅಳತೆ ಮುಗಿದ ಮೇಲೆ ಸಾಫ್ಟ್‌ವೇರ್ ಕೊಡುವ ಪ್ರೊಫೈಲಿಗೆ (ನಿಮ್ಮ ಪರದೆಯ ಬಣ್ಣದ ಸ್ವಭಾವ ಬರೆದಿಟ್ಟ ಫೈಲು) ತಾರೀಖು ಸೇರಿಸಿ ಹೆಸರಿಡಿ. ವರದಿಯಲ್ಲಿ ಸರಾಸರಿ ಡೆಲ್ಟಾ-ಇ (ಬಣ್ಣದ ತಪ್ಪಿನ ಅಳತೆ) 2ಕ್ಕಿಂತ ಕೆಳಗಿದ್ದರೆ ಸಾಕು.

ಮುಗಿದ ಕೂಡಲೇ ಪರದೆ ಮಂಕಾಗಿ, ಹಳದಿಯಾಗಿ ಕಾಣುತ್ತದೆ. "ಹಾಳಾಯ್ತು" ಅಂತ ಹಳೇ ಸೆಟ್ಟಿಂಗಿಗೆ ಮರಳುವವರು ಆ ಹೊತ್ತಿಗೇ ಮರಳುತ್ತಾರೆ. ಹಳದಿಯಾಗಿರುವುದು ಪರದೆಯಲ್ಲ, ಕಣ್ಣು ನೀಲಿಗೆ ಒಗ್ಗಿಹೋಗಿದೆ. ಎರಡು ಮೂರು ದಿನ ತಡೆದುಕೊಳ್ಳಿ.

ಕೆಂಪಿನ ಮಾತು ಬೇರೆಯೇ ಇದೆ. ಅಗ್ಗದ ಲ್ಯಾಪ್‌ಟಾಪ್ ಪರದೆಗಳ ವಿವರದಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಅದು ಹಳೆಯ ಟಿವಿ ಬಣ್ಣದ ಅಳತೆ. ಅಂದರೆ ಎಸ್‌ಆರ್‌ಜಿಬಿಯಲ್ಲಿ ಸುಮಾರು ಮೂರನೇ ಎರಡು ಭಾಗವಷ್ಟೇ ಅದರಲ್ಲಿ ಕಾಣುವುದು. ಕ್ಯಾಲಿಬ್ರೇಟ್ ಮಾಡಿದರೂ ಇಲ್ಲದ ಬಣ್ಣ ಹುಟ್ಟುವುದಿಲ್ಲ. ಧಾರೆಯ ಕೆಂಪು ರೇಷ್ಮೆ ಸೀರೆ ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಎಡಿಟರ್ ಸ್ಯಾಚುರೇಶನ್ ಏರಿಸುತ್ತಾರೆ. ಕೆಂಪು ಚಾನೆಲ್ ಗರಿಷ್ಠ ಸಂಖ್ಯೆ 255ಕ್ಕೆ ಹೋಗಿ ಬಡಿಯುತ್ತದೆ, ನೆರಿಗೆಗೂ ನೆರಿಗೆಯ ನೆರಳಿಗೂ ಒಂದೇ ಸಂಖ್ಯೆ. ಒಳ್ಳೆಯ ಓಲೆಡ್ ಫೋನಿನಲ್ಲಿ ನೋಡಿದರೆ ಸೀರೆ ಅಲ್ಲ, ಕುಂಕುಮದ ಡಬ್ಬಿ ಚೆಲ್ಲಿದ ಹಾಗೆ ಒಂದು ಕೆಂಪು ಮುದ್ದೆ, ಜರಿಯ ಅಂಚೂ ಅದರಲ್ಲೇ ಮುಳುಗಿರುತ್ತದೆ. ಹಾಗಾಗಿ ಕೆಂಪಿನ ವಿಷಯದಲ್ಲಿ ಕಣ್ಣಿಗಿಂತ ಹಿಸ್ಟೋಗ್ರಾಮನ್ನು (ಆ ಸಂಖ್ಯೆಗಳ ಹಂಚಿಕೆ ತೋರಿಸುವ ನಕ್ಷೆ) ನಂಬಿ. ವೈಡ್ ಗ್ಯಾಮಟ್ (ಹೆಚ್ಚು ಬಣ್ಣ ತೋರಿಸಬಲ್ಲ) ಮಾನಿಟರಿಗೆ ಪ್ರೊಫೈಲ್ ಹಾಕದಿದ್ದರೆ ಇದರ ಉಲ್ಟಾ: ಪರದೆಯಲ್ಲಿ ಎಲ್ಲ ಉರಿಯುತ್ತದೆ, ನೀವು ತಗ್ಗಿಸುತ್ತೀರಿ, ಉಳಿದವರಿಗೆ ಸಪ್ಪೆ.

ಪರದೆ ಸರಿಯಾದರೂ ಫೋಟೋಶಾಪ್ ಒಳಗೆ ಎರಡು ಕಡೆ ಕಾಲು ಜಾರುತ್ತದೆ. ಹೊಸ ಮಾನಿಟರ್ ಪ್ರೊಫೈಲನ್ನು ಕಲರ್ ಸೆಟ್ಟಿಂಗ್ಸ್‌ಗೆ ಹೋಗಿ ವರ್ಕಿಂಗ್ ಸ್ಪೇಸ್ (ಎಡಿಟ್ ಮಾಡುವಾಗ ಬಳಸುವ ಬಣ್ಣದ ಮಾನಕ) ಆಗಿ ಕೂರಿಸುವುದು ಒಂದು. ಅದು ಅಲ್ಲಿಗೆ ಸೇರಿದ್ದೇ ಅಲ್ಲ. ಸಿಸ್ಟಮ್ ಅದನ್ನು ನೋಡಿಕೊಳ್ಳುತ್ತದೆ, ವರ್ಕಿಂಗ್ ಸ್ಪೇಸ್ ಎಸ್‌ಆರ್‌ಜಿಬಿ ಇರಲಿ. ಇನ್ನೊಂದು, ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಫೈಲನ್ನು ಎಸ್‌ಆರ್‌ಜಿಬಿ ಮಾಡುವಾಗ ಕನ್ವರ್ಟ್ ಬದಲು ಅಸೈನ್ ಒತ್ತುವುದು. ಕನ್ವರ್ಟ್ ನೋಟ ಉಳಿಸಿ ಸಂಖ್ಯೆ ಬದಲಿಸುತ್ತದೆ, ಅಸೈನ್ ಸಂಖ್ಯೆ ಉಳಿಸಿ ನೋಟ ಬದಲಿಸುತ್ತದೆ. ಅಸೈನ್ ಒತ್ತಿದರೆ ಮುಖಗಳ ರಕ್ತವೆಲ್ಲ ಇಳಿದುಹೋದ ಹಾಗೆ ಆಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಎಂಬೆಡ್ ಮಾಡುವ ಟಿಕ್ ಬಿಡಬೇಡಿ.

ಕೋಣೆಯೂ ಮಾನಿಟರಿನ ಭಾಗವೇ. ಗುಲಾಬಿ ಅಥವಾ ಗಿಣಿಹಸಿರು ಗೋಡೆ, ಬೆನ್ನ ಹಿಂದೆ ಕರ್ಟನ್ ಇಲ್ಲದ ಕಿಟಕಿ ಇದ್ದರೆ ಬೆಳಗ್ಗೆ ಮಾಡಿದ ಎಡಿಟಿಗೂ ಸಂಜೆ ಮಾಡಿದ್ದಕ್ಕೂ ತಾಳೆಯಾಗದು. ಕಿಟಕಿಗೆ ದಪ್ಪ ಬಟ್ಟೆ, ಹಿಂದಿನ ಗೋಡೆಗೆ ಬೂದು ಬಣ್ಣ. ಇದಕ್ಕೆ ಒಂದು ಲೀಟರ್ ಪೇಂಟಿನ ಖರ್ಚು.

ಉಪಕರಣ ಸದ್ಯಕ್ಕೆ ಬೇಡ ಅನ್ನುವವರು ಕನಿಷ್ಠ ಇಷ್ಟು ಮಾಡಿ. ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನು ಹಾಕಿ. ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಕೋಣೆಯ ಬೆಳಕು ಬೀಳುವಂತೆ ಒಂದು ಎ4 ಹಾಳೆ ಹಿಡಿದು, ಎರಡೂ ಸರಿಸಮ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಮೂರೂ ಚಾನೆಲ್ 128 ಇರುವ ಬೂದು ತುಂಬಿ ನೋಡಿ. ಅದಕ್ಕೆ ಬಣ್ಣ ಕಂಡರೆ ಆ ಬಣ್ಣ ನಿಮ್ಮ ಪರದೆಯದು. ದುರ್ಗದವರಿಗೆ ಇನ್ನೊಂದು ಅನುಕೂಲವಿದೆ, ಕೋಟೆಯ ಬಂಡೆ. ನಡುಮಧ್ಯಾಹ್ನ ತೆಗೆದ ಫೋಟೋದಲ್ಲಿ ಬಂಡೆಯ ಮೇಲೆ ಐಡ್ರಾಪರ್ ಇಟ್ಟು ಸಂಖ್ಯೆ ಓದಿ. ಮೂರೂ ಹತ್ತಿರ ಹತ್ತಿರವಿದ್ದು, ಕೆಂಪು ತುಸು ಮೇಲಿದ್ದರೆ ಫೋಟೋದಲ್ಲಿ ದೋಷವಿಲ್ಲ. ಆದರೂ ಕಣ್ಣಿಗೆ ಬಂಡೆ ನೇರಳೆಯಾಗಿ ಕಂಡರೆ ಸ್ಲೈಡರ್ ಮುಟ್ಟಬೇಡಿ, ಸುಳ್ಳು ಹೇಳುತ್ತಿರುವುದು ಮಾನಿಟರ್.

ಇಷ್ಟೆಲ್ಲ ಆದ ಮೇಲೆ ಲ್ಯಾಬಿನವರ ಹತ್ತಿರ ಅವರ ಪೇಪರಿನ ಐಸಿಸಿ ಪ್ರೊಫೈಲ್ ಕೇಳಿ, ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್‌ನಲ್ಲಿ ನೋಡಿ. ನಲವತ್ತು ಶೀಟು ಆಲ್ಬಮ್ ಕಳಿಸುವ ಮೊದಲು ಎಂಟು-ಹನ್ನೆರಡು ಇಂಚಿನ ಒಂದು ಪ್ರಿಂಟ್ ಹಾಕಿಸಿ. ಅದು ಕಪ್ಪಗೆ ಬಂದರೆ, ಈಗ ಲ್ಯಾಬಿನವರ ಮುಂದೆ ನಿಂತು ಜಗಳ ಮಾಡಿ. ಈ ಸಲ ನಿಮ್ಮ ಕೈಯಲ್ಲಿ ಅಳತೆಯ ವರದಿ ಇರುತ್ತದೆ.