ನಂಬರ್ ಹಿಡಿದು ಅಲೆಯುವ ಮುನ್ನ ಮ್ಯಾನ್ಯುಯಲ್ ತೆಗೆಯಿರಿ

ಎಚ್‌ಪಿ ಕಂಪನಿಯ ಹಳೇ ಫ್ರೀಕ್ವೆನ್ಸಿ ಕೌಂಟರ್ (ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತೆ ಅಂತ ಅಳೆಯುವ ಯಂತ್ರ) ಒಂದು ಕೆಟ್ಟು ಕೂತಿತ್ತು. ಒಳಗೆ ಒಂದು ಐಸಿ, ಅಂದರೆ ಚಿಪ್, ಸತ್ತಿದೆ ಅಂತ ಗೊತ್ತಾಯಿತು. ಅದರ ಮೇಲೆ 1820-0054 ಅಂತ ಬರೆದಿತ್ತು. ಆ ನಂಬರ್ ಹಿಡಿದು ಎರಡು ದಿನ ಹುಡುಕಿದೆ. ಸಿಕ್ಕ ಒಂದೆರಡು ಕಡೆಯೂ ಅಪರೂಪದ ಭಾಗ ಅಂತ ಸಿಕ್ಕಾಪಟ್ಟೆ ಬೆಲೆ. ಕೊನೆಗೆ ಆ ಕಂಪನಿ ಮಾಮೂಲಿ ಭಾಗಗಳಿಗೂ ತಾನೇ ಕೊಟ್ಟುಕೊಂಡ ಒಳಸಂಖ್ಯೆಗಳ ಪಟ್ಟಿ ತೆಗೆದು ನೋಡಿದರೆ ಅದು ಮಾಮೂಲಿ 7400! ನಾಲ್ಕು ನ್ಯಾಂಡ್ ಗೇಟ್ ಇರುವ, ಡಿಜಿಟಲ್ ಕಲಿಯುವವರು ಮೊದಲು ಕೈಗೆತ್ತಿಕೊಳ್ಳುವ ಚಿಪ್. ನನ್ನ ಡಬ್ಬಿಯಲ್ಲೇ ಇತ್ತು.

ಟೆಕ್ಟ್ರಾನಿಕ್ಸ್‌ನದ್ದೂ ಇದೇ ಕಥೆ. 151-0190-00 ಅಂದರೆ 2ಎನ್3904, 151-0188-00 ಅಂದರೆ 2ಎನ್3906. ಎಲ್ಲಿ ಕೇಳಿದರೂ ಸಿಗುವ ಟ್ರಾನ್ಸಿಸ್ಟರ್‌ಗಳು. ಇಷ್ಟು ಗೊತ್ತಿಲ್ಲದೆ ಅವರ ಒಳ್ಳೊಳ್ಳೆ ಆಸಿಲೋಸ್ಕೋಪ್‌ಗಳನ್ನು (ಸಿಗ್ನಲ್‌ನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಯಂತ್ರಗಳನ್ನು) ಗುಜರಿಗೆ ಹಾಕುತ್ತಾರೆ ಅನ್ನೋದೇ ನನಗೆ ಹೊಟ್ಟೆ ಉರಿಯುವ ವಿಷಯ. ಆ ಕಾಲದ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಸರ್ಕ್ಯೂಟ್ ಇರುತ್ತೆ, ಎಲ್ಲೆಲ್ಲಿ ಎಷ್ಟು ವೋಲ್ಟ್ ಇರಬೇಕು ಅಂತ ಇರುತ್ತೆ, ಭಾಗಗಳ ಪಟ್ಟಿಯೂ ಇರುತ್ತೆ. ಮೊದಲು ಅದನ್ನು ಓದಿ. ಆ ಭಾಗ ಅಲ್ಲಿ ಏನು ಮಾಡ್ತಿದೆ ಅಂತ ಅರ್ಥವಾದರೆ ಅರ್ಧ ಹುಡುಕಾಟ ಮುಗಿದ ಹಾಗೆ. ಇನ್ನೊಂದು ವಿಷಯ, ಎರಡು ಚಾನೆಲ್‌ನ ಸ್ಕೋಪ್‌ನಲ್ಲಿ ಟ್ರಾನ್ಸಿಸ್ಟರ್ ಸಾಕೆಟ್‌ನಲ್ಲಿದ್ದರೆ, ಸರಿಯಿರುವ ಚಾನೆಲ್‌ನದ್ದನ್ನು ಕಿತ್ತು ಕೆಟ್ಟ ಚಾನೆಲ್‌ಗೆ ಹಾಕಿ ನೋಡಿ. ತಪ್ಪು ಎಲ್ಲಿದೆ ಅಂತ ದುಡ್ಡು ಖರ್ಚಿಲ್ಲದೆ ಗೊತ್ತಾಗುತ್ತೆ.

ಎಷ್ಟೋ ಸಲ ಕೆಟ್ಟಿರೋದು ಅಪರೂಪದ ಭಾಗವೇ ಅಲ್ಲ. ನನ್ನ ಟೆಕ್ಟ್ರಾನಿಕ್ಸ್ 465 ಸ್ಕೋಪ್ ಪೂರ್ತಿ ಸತ್ತಿತ್ತು. 15 ವೋಲ್ಟ್ ಲೈನಿಗೂ ಗ್ರೌಂಡಿಗೂ ಮೀಟರ್ ಹಿಡಿದರೆ ಬರೀ ಎರಡು ಓಮ್. ಮಣಿಯಂಥ ಒಂದು ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿತ್ತು, ಅದರ ಒಂದು ಕಾಲು ಬಿಡಿಸಿದ ಕೂಡಲೇ ಲೈನ್ ಎದ್ದಿತು. 35 ವೋಲ್ಟ್‌ವರೆಗೆ ತಾಳುವಂಥದ್ದು ಹಾಕಿದೆ. ಪರದೆ ಮೇಲೆ ಹಸಿರು ಗೆರೆ ಬಂದ ಆ ಕ್ಷಣ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಂತ ಯಾವುದೋ ಸಮಾನ ಭಾಗ ಹಾಕಿದರಾಯಿತು ಅಂತಲೂ ಅಲ್ಲ. ವೋಲ್ಟೇಜ್, ಕರೆಂಟ್ ಹೊಂದಿದರೂ ಹಳೆಯದಕ್ಕಿಂತ ತುಂಬಾ ವೇಗದ ಟ್ರಾನ್ಸಿಸ್ಟರ್ ಹಾಕಿದರೆ ಆಂಪ್ಲಿಫಯರ್ ತಾನೇ ಸಿಗ್ನಲ್ ಹುಟ್ಟಿಸಿಕೊಂಡು ಆಸಿಲೇಟ್ ಆಗಲು ಶುರುವಾಗಬಹುದು. ಕಾಲುಗಳ ಕ್ರಮವೂ ಬೇರೆ ಇರಬಹುದು, ನೋಡಿಕೊಳ್ಳಿ.

ನಕಲಿಯವರ ಮೇಲೆ ಮಾತ್ರ ನನಗೆ ನಿಜಕ್ಕೂ ಕೋಪ. ಉತ್ಪಾದನೆ ನಿಂತು ದಶಕಗಳಾದ ಐಸಿ ಅಂತ ಒಬ್ಬರಿಂದ ತರಿಸಿದೆ. ಮೇಲ್ಮೈ ಅತಿಯಾಗಿ ನುಣುಪಾಗಿತ್ತು. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದರೆ ಹತ್ತಿಯೆಲ್ಲ ಕಪ್ಪಾಯಿತು, ಅಡಿಯಲ್ಲಿ ಮರಳು ಕಾಗದದ ಗೀರು. ಯಾವುದೋ ಚಿಪ್ ಕೆರೆದು ಬಣ್ಣ ಬಳಿದು ಹೊಸ ಹೆಸರು ಹಾಕಿದ್ದರು. ಇಂಥದ್ದನ್ನು ನಂಬಿ ಹಾಕಿ, ಒಂದು ವಾರ ತಪ್ಪು ಜಾಗದಲ್ಲಿ ದೋಷ ಹುಡುಕುವವರು ಎಷ್ಟು ಜನರಿದ್ದಾರೋ!

ನಿಜಕ್ಕೂ ಸಿಗದವು ಇವೆ. ಟೆಕ್ಟ್ರಾನಿಕ್ಸ್‌ನ 155ರಿಂದ ಶುರುವಾಗುವ ಐಸಿಗಳು ಅವರ ಯಂತ್ರಗಳಿಗೆಂದೇ ಮಾಡಿದವು. ಗೆರೆಯನ್ನು ಪರದೆ ಮೇಲೆ ಅಲುಗದಂತೆ ನಿಲ್ಲಿಸುವ ಹಳೇ ಟ್ರಿಗರ್ ಸರ್ಕ್ಯೂಟ್‌ಗಳಲ್ಲಿರುವ ಟನಲ್ ಡಯೋಡ್ ಅನ್ನೋ ಭಾಗ ಸಿಗೋದೂ ಕಷ್ಟ, ಅದನ್ನು ಸುಮ್ನೆ ಮೀಟರ್‌ನ ಓಮ್ ರೇಂಜಲ್ಲಿ ಪರೀಕ್ಷಿಸಲು ಹೋಗಬೇಡಿ, ಸತ್ತೇ ಹೋಗಬಹುದು. ಇವನ್ನು ಇನ್ನೊಂದು ಕೆಟ್ಟ ಯಂತ್ರದಿಂದ ಕಿತ್ತುಕೊಳ್ಳೋದೇ ಗತಿ. ಆದರೆ ಚೆನ್ನಾಗಿ ಓಡುತ್ತಿರುವ ಸ್ಕೋಪ್ ಬಿಚ್ಚಿ ಬಿಡಿಬಿಡಿಯಾಗಿ ಮಾರುವವರಿಂದ ನಾನು ಕೊಳ್ಳೋದಿಲ್ಲ. ಪರದೆ ಒಡೆದದ್ದು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ನಿಮ್ಮ ಹತ್ತಿರ ಇದ್ದರೆ ಎಸೆಯಬೇಡಿ, ಒಂದು ಮಾತು ಹೇಳಿ.