ಒತ್ತಕ್ಷರ ಮೂಡದ ಇ-ರೀಡರ್ ಮಗುವಿಗೆ ಯಾಕೆ?

ಇ-ರೀಡರ್ ಅಂದರೆ ಪುಸ್ತಕ ಓದೋಕೆಂದೇ ಇರೋ ಯಂತ್ರ. ಅದರ ಡಬ್ಬದ ಮೇಲೆ ಏನೇನೋ ಬರೆದಿರುತ್ತಾರೆ. ಆರು ಇಂಚು, 300 ಪಿಪಿಐ, 16 ಜಿಬಿ, ವಾರಗಟ್ಟಲೆ ಬ್ಯಾಟರಿ. ಕನ್ನಡ ಸರಿಯಾಗಿ ಮೂಡುತ್ತಾ ಅನ್ನೋ ಒಂದು ಸಾಲು ಮಾತ್ರ ಇರಲ್ಲ. ಮಗು ಓದಲಿ ಅಂತ ಸಾವಿರಾರು ರೂಪಾಯಿ ಎಣಿಸೋ ಅಪ್ಪ-ಅಮ್ಮನಿಗೆ ಇಷ್ಟಾದರೂ ಹೇಳಬೇಡವಾ?

"ಲಕ್ಷಾಂತರ ಪುಸ್ತಕ ಉಚಿತ" ಅಂತಾರಲ್ಲ, ಅದು ಬಹುತೇಕ ಚಂದಾ ಯೋಜನೆಯ ಮೊದಲ ಕೆಲವು ದಿನಗಳ ಮಾತು. ಆಮೇಲೆ ತಿಂಗಳು ತಿಂಗಳು ಕಾರ್ಡಿನಿಂದ ದುಡ್ಡು ಹೋಗುತ್ತೆ. 2016ರ ಕೊನೆಯಲ್ಲಿ ಅಮೆಜಾನಿನ ಇ-ರೀಡರ್ ಆದ ಕಿಂಡಲ್‌ನ ಆನ್‌ಲೈನ್ ಪುಸ್ತಕದಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಟ್ಟಿಗೇ ಬಂದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಪುಸ್ತಕ ಇಲ್ಲ ಅಂತಲ್ಲ. ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಪ್ರಥಮ್ ಬುಕ್ಸ್ 2015ರಲ್ಲೇ ಸ್ಟೋರಿವೀವರ್ ಅನ್ನೋ ಜಾಲತಾಣ ಶುರು ಮಾಡಿದೆ. ಅಲ್ಲಿ ಕನ್ನಡ ಕಥೆಗಳನ್ನು ಓದುವ ಹಂತ ನೋಡಿ ಆರಿಸಬಹುದು, ಮುಕ್ತವಾಗಿ ಹಂಚಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಕಾಸು ಕೊಡದೆ ಇಳಿಸಿಕೊಳ್ಳಬಹುದು. ಇಳಿಸಿಕೊಂಡ ಮೇಲೆ ಶುರುವಾಗುತ್ತೆ ಗೋಳು.

ಕೇಬಲ್ ಹಾಕಿ ಇಪಬ್ (ಇ-ಪುಸ್ತಕದ ಸಾಮಾನ್ಯ ರೂಪ) ಕಡತವನ್ನು ಕಿಂಡಲ್‌ಗೆ ತುಂಬಿದರೆ ಅದು ಕಾಣೋದೇ ಇಲ್ಲ. ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕವೇ ಕಳಿಸಬೇಕು. ಇಮೇಲಲ್ಲಾದರೆ 50 ಎಂಬಿ ಮಿತಿ, ಜೊತೆಗೆ ಕಳಿಸುವ ವಿಳಾಸವನ್ನು ಮೊದಲೇ ಖಾತೆಯ ಒಪ್ಪಿಗೆ ಪಟ್ಟಿಗೆ ಸೇರಿಸಿರಬೇಕು. ಕೋಬೋ, ಪಾಕೆಟ್‌ಬುಕ್ ತರದ ಬೇರೆ ಕಂಪನಿಯ ಇ-ರೀಡರುಗಳು ಇಪಬ್ಬನ್ನು ನೇರವಾಗಿ ತೆರೆಯುತ್ತವೆ.

ತೆರೆದರೆ ಸಾಕಾ? ಅಕ್ಷರದ ಜಾಗದಲ್ಲಿ ಚೌಕ ಕಂಡರೆ ಫಾಂಟ್ ಇಲ್ಲ ಅಂತ, ಹಾಕಿಕೊಳ್ಳಬಹುದು. ಆದರೆ "ಅಮ್ಮ" ಅನ್ನೋದು "ಅಮ್‌ಮ" ಅಂತ, "ಹಕ್ಕಿ" ಅನ್ನೋದು "ಹಕ್‌ಕಿ" ಅಂತ ಬಂದರೆ ಫಾಂಟ್ ಬದಲಿಸಿ ಬಹುತೇಕ ಪ್ರಯೋಜನವಿಲ್ಲ. ಒತ್ತನ್ನು ಕೆಳಗೆ ಕೂರಿಸುವ ತಂತ್ರಾಂಶವೇ ಆ ಯಂತ್ರದಲ್ಲಿ ಇಲ್ಲ, ಅಥವಾ ಅರೆಬರೆ ಇದೆ. ದೊಡ್ಡವರು ಹೇಗೋ ಊಹಿಸಿ ಓದಿಕೊಳ್ಳುತ್ತಾರೆ. ಈಗತಾನೇ ಒತ್ತಕ್ಷರ ತಿದ್ದುತ್ತಿರೋ ಮಗು ಅದನ್ನೇ ಸರಿ ಅಂದುಕೊಳ್ಳುತ್ತೆ. ಹೊಟ್ಟೆ ಉರಿಯೋದು ಇದಕ್ಕೇ.

ಪಿಡಿಎಫ್ ಇದೆಯಲ್ಲ ಅಂತಾರೆ. ಎ4 ಪುಟದ ಅಗಲ 21 ಸೆಂ.ಮೀ., ಆರಿಂಚಿನ ಪರದೆಯದು ಸುಮಾರು 9. ಪುಟದಲ್ಲಿ 12 ಪಾಯಿಂಟ್ ಇದ್ದ ಅಕ್ಷರ ಪರದೆಯಲ್ಲಿ ಐದಕ್ಕೆ ಇಳಿಯುತ್ತೆ, ಒತ್ತು ಯಾವುದು ಗುಣಿತ ಯಾವುದು ಗೊತ್ತಾಗಲ್ಲ. ಕಡತದ ರೂಪ ಬದಲಿಸುವ ತಂತ್ರಾಂಶ ಕ್ಯಾಲಿಬರ್‌ನಲ್ಲಿ ಇಪಬ್ ಮಾಡೋಣ ಅಂದರೆ, ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ ಸಂಕೇತ) ಅಲ್ಲದ ಹಳೇ "ನುಡಿ", "ಬರಹ" ಫಾಂಟುಗಳಲ್ಲಿ ಕೂಡಿಸಿದ ಪಿಡಿಎಫ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಹೊರಬರುತ್ತೆ. ಸ್ಕ್ಯಾನ್ ಮಾಡಿದ್ದಾದರೆ ಅದೂ ಇಲ್ಲ, ಬರೀ ಚಿತ್ರ.

ಸ್ಟೋರಿವೀವರಿನ ಒಂದು, ಎರಡನೇ ಹಂತದ ಕಥೆಗಳಿಗೆ ಇ-ಇಂಕ್ (ಕಾಗದದ ಹಾಗೆ ಕಾಣುವ, ಬೂದು ಬಣ್ಣದ ಪರದೆಯ) ಇ-ರೀಡರ್ ತರಲೇಬೇಡಿ. ಅಲ್ಲಿ ಬಣ್ಣದ ಚಿತ್ರವೇ ಅರ್ಧ ಕಥೆ, ಬೂದು ಪರದೆಯಲ್ಲಿ ಅದು ಸಾಯುತ್ತೆ. ಮೂರು, ನಾಲ್ಕನೇ ಹಂತದ ಮಗುವಿಗೆ ತರೋದಾದರೆ ಒಂದು ಕನ್ನಡ ಇಪಬ್ ಜೊತೆಗೆ ಒಯ್ಯಿರಿ. ಅಮ್ಮ, ಅಕ್ಷರ, ಸೂರ್ಯ, ಸ್ತ್ರೀ, ಈ ನಾಲ್ಕು ಪದ ಅದರಲ್ಲಿರಲಿ. ಅಂಗಡಿಯಲ್ಲೇ ತೆರೆಸಿ ನೋಡಿ. ಆನ್‌ಲೈನಲ್ಲಿ ಕೊಂಡಿದ್ದರೆ ವಾಪಸ್ ಕೊಡುವ ಗಡುವು ಮುಗಿಯೋ ಮೊದಲು, ಡಬ್ಬ ಬಂದ ದಿನವೇ ಈ ಪರೀಕ್ಷೆ ಮಾಡಿ.