ಮೆಡುಸಾಳ ಬಾಗಿಲಲ್ಲೇ ಕರಗಿದ ಭಯ
ಗ್ರೀಕ್ ದೇವರ ಮಗನಾದ ಹುಡುಗ ಪರ್ಸಿ ಕಳುವಾದ ಸಿಡಿಲನ್ನು ಗಡುವಿನೊಳಗೆ ಹುಡುಕಿ ತರಬೇಕಾದ ಕಥೆ 'ಪರ್ಸಿ ಜಾಕ್ಸನ್'. ಅದರ ಡಿಸ್ನಿ ಪ್ಲಸ್ ಸರಣಿ ರಿಕ್ ರಿಯೊರ್ಡನ್ ಪುಸ್ತಕಕ್ಕೆ ಇಷ್ಟು ನಿಷ್ಠವಾಗಿದ್ದರೂ ಅಭಿಮಾನಿಗಳ ತಕರಾರೇನು ಎಂದು ಲೇಖನವೊಂದು ಕೇಳಿದೆ. ನಿಷ್ಠೆ ಇದೆ, ಒಪ್ಪೋಣ. 2010ರ ಸಿನಿಮಾ 12 ವರ್ಷದ ಪರ್ಸಿಯನ್ನು ಹೈಸ್ಕೂಲಿನ ಹುಡುಗನನ್ನಾಗಿ ಮಾಡಿ, ಕಥೆಯ ಹಿಂದಿರುವ ಮುಖ್ಯ ಖಳ ಕ್ರೋನಸ್‌ನನ್ನೇ ಕೈಬಿಟ್ಟಿತ್ತು. 2023ರಲ್ಲಿ ಶುರುವಾದ ಸರಣಿ ಮೊದಲ ಸೀಸನ್ನಿನ 8 ಕಂತುಗಳಲ್ಲಿ ಎರಡನ್ನೂ ಸರಿಪಡಿಸಿದೆ.

ತೊಂದರೆ ಇರುವುದು ಯಾರಿಗೆ ಯಾವಾಗ ಏನು ಗೊತ್ತಾಗುತ್ತದೆ ಎಂಬಲ್ಲಿ. ಪುಸ್ತಕದಲ್ಲಿ ಹಸಿದ ಮೂವರು ಮಕ್ಕಳು, ಅಂದರೆ ಪರ್ಸಿ ಮತ್ತು ಜತೆಗಾರರಾದ ಗ್ರೋವರ್, ಅನಾಬೆತ್, ಬರ್ಗರ್ ವಾಸನೆ ಹಿಡಿದು 'ಆಂಟಿ ಎಮ್' ಅಂಗಡಿಗೆ ಹೋಗುತ್ತಾರೆ. ಸುತ್ತ ಕಲ್ಲಿನ ವಿಗ್ರಹಗಳು, ಒಂದು ಗ್ರೋವರ್‌ನ ಫರ್ಡಿನಂಡ್ ಮಾಮನ ಹಾಗೇ ಇದೆ. ಅಂಗಡಿಯಾಕೆ ಫೋಟೋ ತೆಗೆಯುತ್ತೇನೆಂದು ಕೂರಿಸುತ್ತಾಳೆ, ಕೈಯಲ್ಲಿ ಕ್ಯಾಮೆರಾ ಇಲ್ಲ! ಅವಳು ತನ್ನ ಮುಖ ನೋಡಿದವರನ್ನು ಕಲ್ಲಾಗಿಸುವ ಮೆಡುಸಾ ಎಂದು ಓದುಗನಿಗೆ ತಿಳಿದಿದೆ, ಪರ್ಸಿಗೆ ತಿಳಿದಿಲ್ಲ. ಎದೆ ಹೊಡೆದುಕೊಳ್ಳುವುದು ಅದಕ್ಕೇ. ಸರಣಿಯಲ್ಲಿ ಅವಳು ಮೆಡುಸಾ ಎಂದು ಬಾಗಿಲಲ್ಲೇ ಗೊತ್ತು. ಉಳಿದದ್ದು ಮಾತುಕತೆ. ಅವಳಿಗಾದ ಅನ್ಯಾಯಕ್ಕೆ ದನಿ ಸಿಕ್ಕಿದ್ದು ನಿಜಕ್ಕೂ ಚೆನ್ನಾಗಿದೆ, ಆದರೆ ಅದನ್ನು ಊಟದ ನಂತರ ಹೇಳಿಸಬಹುದಿತ್ತು.

ಒಳಹೋದವರಿಗೆ ಹೊತ್ತು ಸರಿದದ್ದೇ ತಿಳಿಯದ ಲೋಟಸ್ ಕ್ಯಾಸಿನೋದಲ್ಲೂ ಇದೇ ಕಥೆ. ಪುಸ್ತಕದಲ್ಲಿ ಅಲ್ಲಿದ್ದ ಹುಡುಗನೊಬ್ಬ ಇದು 1977 ಎಂದಾಗ ಪರ್ಸಿಗೆ ಗಾಬರಿ. ಹೊರಬಂದರೆ ಐದು ದಿನ ಕಳೆದಿದೆ, ಗಡುವಿಗೆ ಉಳಿದದ್ದು ಒಂದೇ ದಿನ. ಸರಣಿಯಲ್ಲಿ ಗಡುವೇ ಮುಗಿದುಹೋಗುತ್ತದೆ, ಆದರೂ ಪ್ರಯಾಣ ಮುಂದುವರಿಯುತ್ತದೆ. ಗಡುವು ಮುರಿದ ಮೇಲೆ ಮುಂದಿನ ಕಂತುಗಳ ಓಟಕ್ಕೆ ಬಿಗಿ ಎಲ್ಲಿಂದ ಬರಬೇಕು?

ಸರಣಿಯಲ್ಲಿ ಪರ್ಸಿಯಾಗಿ ನಟಿಸಿರುವ ವಾಕರ್ ಸ್ಕೋಬೆಲ್ ಮಾತ್ರ ನಾವು ಓದಿದ ಪರ್ಸಿಯೇ. ಆ ಹುಡುಗನಿಗೆ ಮೋಸಹೋಗಲು ಅವಕಾಶ ಕೊಡಿ ಸಾಕು, ಅವನ ಜತೆ ನಾವೂ ಹೆದರುತ್ತೇವೆ.